ಮೂರನೇ ಮೂಟೆ

ಜನವರಿ 9

ಪ್ರೀತಿಯ ಅತ್ತಿಗೆಗೆ,

ಈ ಲಾರಿಯಲ್ಲಿ ಹನ್ನೆರಡು ಖಾಲಿ ಚೀಲ ಬರುತ್ತಿವೆ. ನೋಡಿ ಗಾಬರಿಯಾಗಬೇಡಿ, ಎಲ್ಲವನ್ನೂ ಒಂದೇ ಸಲ ತುಂಬಬೇಕಾಗಿಲ್ಲ.

ಹೋದ ಸಲ ಮನೆಗೆ ಬಂದಾಗ ಹೇಳಿದ್ದೆನಲ್ಲ, ಆ ಕೆಲಸ ಕೊನೆಗೂ ನನ್ನ ಕೈಗೆ ಬಂದಿದೆ. ನೀವು ಬಂಡೆಗಳ ಮೇಲೆ ಕೊಯ್ಯುವ ಕೆಂಪು ಪಾಚಿಯಿಂದ ಅಗರ್ ತೆಗೆಯುವ ಕೆಲಸ. ಆಸ್ಪತ್ರೆಯಲ್ಲಿ ರೋಗಿಯ ಗಂಟಲಿನಿಂದ ಹತ್ತಿಯಲ್ಲಿ ಒರೆಸಿ ತೆಗೆದು, ಗಾಜಿನ ಬಟ್ಟಲಲ್ಲಿ ರೋಗಾಣು ಬೆಳೆಸಿ ನೋಡುತ್ತಾರೆ. ಆ ಬಟ್ಟಲಿನ ತಳದಲ್ಲಿ ಹೆಪ್ಪುಗಟ್ಟಿದ ಲೋಳೆ ಇರುತ್ತದಲ್ಲ, ಅದೇ ಅಗರ್.

ನಮ್ಮ ಕಂಪನಿಯ ಹಳೆಯ ಕಾರ್ಖಾನೆಯಲ್ಲಿ ಪಾಚಿಯನ್ನು ಮೊದಲು ಕಾಸ್ಟಿಕ್ ಸೋಡಾದಲ್ಲಿ ಬೇಯಿಸುತ್ತಾರೆ. ಹಾಗೆ ಮಾಡಿದರೆ ಲೋಳೆ ಗಟ್ಟಿಯಾಗುತ್ತದೆ ನಿಜ, ಆದರೆ ಉಳಿಯುವ ನೀರು ಮುಟ್ಟಿದ್ದನ್ನೆಲ್ಲ ಸುಡುತ್ತದೆ. ಆ ಕಾರ್ಖಾನೆಯ ಹಿಂದಿನ ಕಾಲುವೆಯನ್ನು ನೋಡಿ ಬಂದೆ. ಒಂದು ಕಪ್ಪೆ ಕೂಡ ಇಲ್ಲ. ನನ್ನ ದಾರಿ ಬೇರೆ. ಬಿಸಿನೀರು, ಪಾಚಿಯ ಗೋಡೆ ಸಡಿಲಿಸುವ ಒಂದು ಕಿಣ್ವ, ಶಬ್ದದಿಂದಲೇ ನೀರನ್ನು ನಡುಗಿಸುವ ಒಂದು ಯಂತ್ರ, ಇಷ್ಟೇ. ಕಾಸ್ಟಿಕ್ ಒಂದು ಹನಿಯೂ ಇಲ್ಲ. ಕೊನೆಗೆ ಲೋಳೆಯ ಬಿಲ್ಲೆ ಮಾಡಿ, ಮೇಲೆ ಒಂದು ಸಣ್ಣ ಕಡ್ಡಿ ನಿಲ್ಲಿಸಿ, ತೂಕ ಏರಿಸುತ್ತಾ ಹೋಗುತ್ತೇವೆ. ಏಳುನೂರು ಗ್ರಾಂವರೆಗೆ ಬಿಲ್ಲೆ ಒಡೆಯಬಾರದು. ಮೇ ಕೊನೆಯೊಳಗೆ ಅದನ್ನು ಸಾಧಿಸಿ ತೋರಿಸಬೇಕು. ಆಗುತ್ತದೆ ಎಂದು ನನಗೆ ಗೊತ್ತು.

ನಿಮ್ಮಿಂದ ಬೇಕಾದದ್ದು ಇಷ್ಟು. ಬುಡ ಬಿಟ್ಟು ಕೊಯ್ಯಿರಿ. ಕಡಲ ನೀರಲ್ಲೇ ತೊಳೆಯಿರಿ. ಎರಡು ದಿನ ನೆರಳಲ್ಲಿ ಒಣಗಿಸಿ, ಬಣ್ಣ ಹೋಗಬಾರದು. ಪ್ರತಿ ಚೀಲಕ್ಕೂ ಒಂದು ಶೀಟು ಇಟ್ಟಿದ್ದೇನೆ: ಕೊಯ್ದ ದಿನ, ಬಂಡೆ, ಒಣಗಿಸಿದ ರೀತಿ. ಇದ್ದದ್ದು ಇದ್ದ ಹಾಗೆ ತುಂಬಿ.

ನೀವು ಮದುವೆಯಾಗಿ ಬಂದಾಗ ನಾನು ಮೂರನೇ ಕ್ಲಾಸು. ನೀರಿಗೆ ಹೆದರಿ ಅಳುತ್ತಿದ್ದವಳನ್ನು ಕೈಹಿಡಿದು ಕಡಲಿಗೆ ಇಳಿಸಿದವರು ನೀವು. ಈಗ ನಿಮ್ಮನ್ನು ಪ್ರಯೋಗಾಲಯಕ್ಕೆ ಇಳಿಸುವ ಸರದಿ ನನ್ನದು.

ಅಣ್ಣನಿಗೆ ಕೇಳಿದೆನೆಂದು ಹೇಳಿ.

ನಿಮ್ಮ,
ಕಡ್ಡಿ

ಜನವರಿ 24

ನನ್ನ ಕಡ್ಡಿಗೆ,

ಮೊದಲನೇ ಮೂಟೆ ಕಳಿಸಿದ್ದೇನೆ. ಶೀಟಿನಲ್ಲಿ ನೀನು ಬಿಟ್ಟಿರುವ ಜಾಗ ಇರುವೆ ಬರೆಯುವುದಕ್ಕೂ ಸಾಲದು, ಅದಕ್ಕೇ ಈ ಕಾಗದ. ಫೋನು ಮಾಡು ಅಂತ ನಿಮ್ಮಣ್ಣ ಹೇಳಿದರು. ಆ ಫೋನು ದಿನವೂ ಅವರ ಜೇಬಿನಲ್ಲಿ ದೋಣಿ ಹತ್ತಿ ಹೋಗುತ್ತದೆ, ಬರುವಾಗ ಸತ್ತು ಬರುತ್ತದೆ. ಇನ್ನು ನಾನು ಯಾವಾಗ ಮಾಡುವುದು? ಮೂಟೆಯ ಬಾಯಲ್ಲಿ ಕಾಗದ ಇಟ್ಟು ಹೊಲಿದುಬಿಟ್ಟರೆ ತಲುಪುತ್ತದೆ. ಖಾಲಿ ಚೀಲದಲ್ಲಿ ನಿನ್ನದು ಬರಲಿ.

ನೆರಳಲ್ಲಿ ಒಣಗಿಸು ಅಂದೆಯಲ್ಲ, ಕಡಲ ದಂಡೆಯಲ್ಲಿ ನೆರಳು ಎಲ್ಲಿಂದ ತರಲಿ? ಕೊನೆಗೆ ನಮ್ಮ ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಒಣಹಾಕಿದೆ. ಎರಡು ದಿನ ನಿಮ್ಮಣ್ಣ ಪಡಸಾಲೆಯಲ್ಲಿ ಮಲಗಿ, "ತಂಗಿ ಓದಿದ್ದಕ್ಕೆ ನನಗೆ ಸಿಕ್ಕ ಭಾಗ್ಯ ಇದು" ಅಂತ ಗೊಣಗಿದರು. ಆದರೆ ಬೆಳಿಗ್ಗೆ ಎದ್ದು ಪಾಚಿ ತಿರುವಿ ಹಾಕಿದವರೂ ಅವರೇ.

ನನ್ನ ಜತೆ ಕೊಯ್ಯುವ ಏಳು ಜನರಿಗೂ ನಿನ್ನ ಕೆಲಸ ವಿವರಿಸಿದೆ. ನಮ್ಮ ಗಂಟಲಕ್ಕ ಗೊತ್ತಲ್ಲ, ಅವಳು ಪಿಸುಗುಟ್ಟಿದರೂ ಮೂರನೇ ಬಂಡೆಗೆ ಕೇಳಿಸುತ್ತದೆ. ಅವಳಂದಳು: "ಇಷ್ಟು ದಿನ ಹುಲ್ಲು ತರ ಕೊಯ್ದು ಯಾರಿಗೋ ಕೊಟ್ವಿ, ಅದು ಏನಾಗುತ್ತೆ ಅಂತ ಒಬ್ರೂ ಹೇಳಿರಲಿಲ್ಲ ನೋಡು." ಅದು ನಿಜ. ನಾನು ಹದಿನೆಂಟು ವರ್ಷ ಕೊಯ್ದಿದ್ದೇನೆ. ರೋಗಾಣು ಸಾಕುವ ಹಾಸಿಗೆ ಅದು ಅಂತ ಈಗ ತಿಳಿಯಿತು.

ಬುಡ ಬಿಟ್ಟು ಕೊಯ್ಯಿ ಅಂತ ನನಗೆ ಹೇಳುತ್ತೀಯಲ್ಲ. ಮೀನಿಗೆ ಈಜು ಕಲಿಸಬೇಡ.

ನಿನ್ನ ಅತ್ತಿಗೆ

ಫೆಬ್ರವರಿ 12

ಪ್ರೀತಿಯ ಅತ್ತಿಗೆಗೆ,

ಪಾಚಿ ತುಂಬ ಚೆನ್ನಾಗಿತ್ತು. ಫಲಿತಾಂಶ ಅಷ್ಟು ಚೆನ್ನಾಗಿಲ್ಲ. ಮೊದಲನೇ ಮೂಟೆಯ ಬಿಲ್ಲೆ ಇನ್ನೂರ ಹತ್ತು ಗ್ರಾಂಗೆ ಒಡೆಯಿತು, ಎರಡನೆಯದು ಇನ್ನೂರ ಮೂವತ್ತಕ್ಕೆ. ಮುಟ್ಟಿದರೆ ಮೂಗಿನ ಸಿಂಬಳದ ಹಾಗಿದೆ ಎಂದು ಪಕ್ಕದ ಮೇಜಿನವರು ಕೀಟಲೆ ಮಾಡಿದರು. ಮಾಡಲಿ. ಆರಂಭ ಎಲ್ಲರದ್ದೂ ಹೀಗೇ.

ಬೇರೊಂದು ಕಿಣ್ವ ತರಿಸಿದ್ದೇನೆ. ಅದರ ಮೇಲೆ ನನಗೆ ಬಹಳ ನಂಬಿಕೆ ಇದೆ. ಮೂರನೇ ಮೂಟೆ ಬಂದ ಕೂಡಲೇ ಅದನ್ನೇ ಬಳಸುತ್ತೇನೆ. ಲಾರಿ ಮಾರ್ಚ್ ಎರಡನೇ ತಾರೀಕು ಬರುತ್ತದೆ, ತಪ್ಪಿಸಬೇಡಿ. ಅದು ತಪ್ಪಿದರೆ ಯಂತ್ರ ನನ್ನ ಸರದಿ ದಾಟಿ ಬೇರೆಯವರ ಕೈಗೆ ಹೋಗುತ್ತದೆ.

ಇನ್ನೊಂದು ಮಾತು, ಸುಮ್ಮನೆ ಕೇಳುತ್ತಿದ್ದೇನೆ. ಹಳೆಯ ದೋಣಿಮನೆಯ ಹಿಂದಿನ ಆ ಬಯಲು ಈಗಲೂ ಖಾಲಿ ಇದೆಯೇ? ಅಲ್ಲಿ ಯಾರಾದರೂ ಏನಾದರೂ ಕಟ್ಟಿದ್ದಾರೆಯೇ?

ನಿಮ್ಮ,
ಕಡ್ಡಿ

ಮಾರ್ಚ್ 2

ಕಡ್ಡಿಗೆ,

ಮೂರನೇ ಮೂಟೆ ಲಾರಿಗೆ ಹಾಕಿದ್ದೇನೆ. ಶೀಟು ತುಂಬಿದ್ದೇನೆ. ಬಣ್ಣ ಸ್ವಲ್ಪ ಕಡಿಮೆ ಇದೆ, ಈ ಸಲ ಕಡಲು ಹಾಗೇ ಕೊಟ್ಟಿದೆ.

ನನ್ನ ತಂಗಿಗೆ ಹೆಣ್ಣು ಮಗು. ಹೆರಿಗೆಗೆ ಹೋಗಿ ನಾಲ್ಕು ದಿನ ಇದ್ದು ಬಂದೆ. ತಾಯಿ ಮಗು ಚೆನ್ನಾಗಿದ್ದಾರೆ.

ಆ ಬಯಲು ಖಾಲಿ ಇದೆ. ಏಡಿಗಳು ಬಿಟ್ಟರೆ ಯಾರೂ ಮನೆ ಕಟ್ಟಿಲ್ಲ. ಯಾಕೆ ಕೇಳಿದೆ?

ಅವಸರದಲ್ಲಿ,
ಅತ್ತಿಗೆ

ಮಾರ್ಚ್ 19

ಪ್ರೀತಿಯ ಅತ್ತಿಗೆಗೆ,

ಏಳುನೂರ ನಲವತ್ತು.

ಕೂತಿದ್ದರೆ ಒಮ್ಮೆ ಎದ್ದು ನಿಲ್ಲಿ. ತೂಕ ಏರಿಸುತ್ತಾ ಹೋದೆ. ಮುನ್ನೂರು ದಾಟಿತು, ಐನೂರು ದಾಟಿತು. ಮೂಗಿನ ಸಿಂಬಳ ಎಂದಿದ್ದವರೇ ಪಕ್ಕದಲ್ಲಿ ಬಂದು ನಿಂತರು. ಏಳುನೂರ ನಲವತ್ತಕ್ಕೆ ಒಡೆದಾಗ ಗಾಜು ಬಿರಿದ ಹಾಗೆ ಸಣ್ಣ ಸದ್ದು ಕೇಳಿಸಿತು. ಮೂರು ಸಲ ಅಳೆದೆ. ಮೂರು ಸಲವೂ ಅಷ್ಟೇ.

ಕಿಣ್ವ ಕೆಲಸ ಮಾಡಿದೆ ಅತ್ತಿಗೆ. ಆಗುತ್ತದೆ ಎಂದು ಎರಡು ವರ್ಷದಿಂದ ಹೇಳುತ್ತಿದ್ದೆ, ಯಾರೂ ನಂಬಿರಲಿಲ್ಲ. ಕಂಪನಿಯ ಯಜಮಾನರಿಗೆ ಆಗಲೇ ತಿಳಿಸಿದ್ದೇನೆ. ಅವರು ಮೇ ಮೂವತ್ತಕ್ಕೆ ಸಭೆ ಇಟ್ಟಿದ್ದಾರೆ. ಅಂದು ಅವರೆದುರು ಮತ್ತೆ ಮಾಡಿ ತೋರಿಸಬೇಕು.

ಇನ್ನು ಐದು ಮೂಟೆ ಕಳಿಸಿ. ಮೂರನೆಯದರ ಹಾಗೇ ಇರಲಿ.

ಮಗುವಿಗೆ ನನ್ನ ಮುತ್ತು.

ನಿಮ್ಮ,
ಕಡ್ಡಿ

ಏಪ್ರಿಲ್ 1

ನನ್ನ ಕಡ್ಡಿಗೆ,

ನಿನ್ನ ಕಾಗದವನ್ನು ಬಂಡೆಯ ಮೇಲೆ ನಿಂತು ಎಲ್ಲರಿಗೂ ಓದಿದೆ. ಎದ್ದು ನಿಲ್ಲಿ ಅಂತ ಬರೆದಿದ್ದೀಯ, ನಾವಾಗಲೇ ಮೊಣಕಾಲ ನೀರಲ್ಲಿ ನಿಂತಿದ್ದೆವು. ಗಂಟಲಕ್ಕ ಕೂಗಿದ ಕೂಗಿಗೆ ನೀರುಕಾಗೆಗಳೆಲ್ಲ ಹಾರಿಹೋದವು. ನಿಮ್ಮಣ್ಣ ಕಾಗದ ತೆಗೆದುಕೊಂಡು ದೋಣಿಯವರಿಗೆಲ್ಲ ತೋರಿಸಿ ಬಂದರು. ಒದ್ದೆ ಮಾಡಿ ತಂದರು ಅನ್ನು.

ಐದು ಮೂಟೆ ಕಳಿಸಿದ್ದೇನೆ. ಎಲ್ಲವೂ ಪಶ್ಚಿಮದ ಬಂಡೆಯದು, ಕಡಲಿನ ಒಂದೇ ಇಳಿತದಲ್ಲಿ ಕೊಯ್ದದ್ದು. ಕಸ ಕಡ್ಡಿ, ಚಿಪ್ಪು, ಒಂದೂ ಇಲ್ಲದ ಹಾಗೆ ಎಂಟು ಜನ ಕೂತು ಆರಿಸಿದ್ದೇವೆ. ಬಣ್ಣ ನೋಡು, ಕುಂಕುಮದ ಹಾಗಿದೆ. ಆ ಮೂರನೆಯದು ಅಷ್ಟೇನೂ ಚೆನ್ನಾಗಿರಲಿಲ್ಲ. ಅದರಲ್ಲೇ ಏಳುನೂರ ನಲವತ್ತು ಬಂದರೆ ಇದರಲ್ಲಿ ಸಾವಿರ ಬರಬೇಕು.

ಬಯಲಿನ ವಿಷಯ ಕೇಳಿದ್ದೆ, ನೀನು ಉತ್ತರ ಕೊಡಲಿಲ್ಲ.

ನಿನ್ನ ಅತ್ತಿಗೆ

ಏಪ್ರಿಲ್ 16

ಅತ್ತಿಗೆಗೆ,

ಐದೂ ಮೂಟೆ ಬಿದ್ದುಹೋದವು. ಇನ್ನೂರ ಇಪ್ಪತ್ತು, ನೂರ ತೊಂಬತ್ತು, ಇನ್ನೂರ ನಲವತ್ತು, ಮುಂದಿನದು ಬರೆಯಲು ಮನಸ್ಸಿಲ್ಲ. ಕಿಣ್ವ ಅದೇ, ಶಾಖ ಅದೇ, ಯಂತ್ರ ಅದೇ, ಕೈ ಅದೇ. ಬದಲಾದದ್ದು ಪಾಚಿ ಒಂದೇ.

ಆದ್ದರಿಂದ ಕಡ್ಡಿ ಮುರಿದ ಹಾಗೆ ಕೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಬೇಗ ತುಂಬಬೇಕೆಂದು ಬೇರೆಯವರ ಪಾಚಿ ಬೆರೆಸಿದಿರಾ? ಹಳೆಯದು ಸೇರಿತೇ? ಹೊರಗಿನಿಂದ ಚೆನ್ನಾಗಿ ಕಂಡರೆ ಸಾಲದು, ಇಲ್ಲಿ ಎಲ್ಲವೂ ಗೊತ್ತಾಗುತ್ತದೆ. ಮೂರನೆಯದರ ಹಾಗೇ ಇರಲಿ ಎಂದು ಸ್ಪಷ್ಟವಾಗಿ ಬರೆದಿದ್ದೆ. ಮೂರನೆಯದರ ಶೀಟು ನನ್ನೆದುರಿಗೇ ಇದೆ: ಪಶ್ಚಿಮದ ಬಂಡೆ, ಎರಡು ದಿನ ನೆರಳು. ಈ ಐದರಲ್ಲೂ ಅದೇ ಬರೆದಿದೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ.

ಸಭೆಗೆ ಆರು ವಾರ ಉಳಿದಿದೆ.

ಕಡ್ಡಿ

ಏಪ್ರಿಲ್ 27

ನಾದಿನಿಯವರಿಗೆ,

ನಿಮ್ಮ ಕಾಗದ ಬಂದು ಸೇರಿತು. ಬೇರೆಯವರ ಪಾಚಿ ಬೆರೆಸಿಲ್ಲ. ಹಳೆಯದೂ ಸೇರಿಲ್ಲ. ಎಂಟು ಜನರ ಮೇಲೆ ನಿಮಗೆ ಅನುಮಾನ ಬಂದಿದ್ದನ್ನು ಅವರಿಗೆ ನಾನು ಓದಿ ಹೇಳಲಿಲ್ಲ.

ಮೊನ್ನೆ ದೋಣಿಮನೆಯ ಹಿಂದಿನ ಬಯಲಿಗೆ ಸರ್ವೆಯವರು ಬಂದಿದ್ದರು. ಮೂರು ಕಾಲಿನ ದುರ್ಬೀನು, ಕೆಂಪು ಬಣ್ಣ ಹಚ್ಚಿದ ಗೂಟಗಳು. ನಾನು ಹತ್ತಿರ ಹೋಗಿ ಕೇಳಿದೆ.

"ಏನು ಕಟ್ತೀರಿ ಇಲ್ಲಿ?"

"ಪಾಚಿ ಕಾರ್ಖಾನೆ ಕಣಮ್ಮ."

"ಆ ಗೂಟದ ಸಾಲು ಕಡಲಿನ ತನಕ ಯಾಕೆ ಹೋಗಿದೆ?"

"ಅದು ಪೈಪು ಹೋಗೋ ದಾರಿ. ಕಾಸ್ಟಿಕ್ ತೊಟ್ಟಿ ನೀರು ಕೊಲ್ಲಿಗೆ ಬಿಡಬೇಕಲ್ಲ."

"ಇಷ್ಟು ದೂರದಲ್ಲಿ ಈ ಜಾಗ ನಿಮಗೆ ಯಾರು ತೋರಿಸಿದ್ರು?"

"ನಮ್ಮ ಲ್ಯಾಬಲ್ಲಿ ಒಬ್ರು ಮೇಡಂ ಇದ್ದಾರೆ. ಇದೇ ಊರಿನವರಂತೆ."

ಆ ಮೇಡಂ ಯಾರು ಎಂದು ನಾನು ಮುಂದೆ ಕೇಳಲಿಲ್ಲ. ಪೈಪು ಬಂದು ನಿಲ್ಲುವುದು ಪಶ್ಚಿಮದ ಬಂಡೆಯ ನೆತ್ತಿಯ ಮೇಲೆ. ನೀವು ಮೊದಲ ಸಲ ಈಜಿದ್ದು ಅಲ್ಲೇ. ನಿಮ್ಮಣ್ಣನಿಗೆ ಹೇಳಿದೆ. ಅವರು ಎರಡು ದಿನದಿಂದ ದೋಣಿ ಇಳಿಸಿಲ್ಲ.

ಉಳಿದಿದ್ದ ನಾಲ್ಕು ಖಾಲಿ ಚೀಲ ಹಿಂದಕ್ಕೆ ಕಳಿಸಿದ್ದೇನೆ. ಶೀಟುಗಳೂ ಅದರಲ್ಲೇ ಇವೆ.

ಇಂತಿ,
ನಿಮ್ಮ ಅಣ್ಣನ ಹೆಂಡತಿ

ಮೇ 4

ಅತ್ತಿಗೆ,

ನೀವು ನನಗೆ 'ನೀವು' ಎಂದು ಬರೆದ ಕಾಗದವನ್ನು ನಾಲ್ಕು ಸಲ ಓದಿದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಜಾಗ ತೋರಿಸಿದ್ದು ನಾನೇ. ಅದನ್ನು ನಿಮ್ಮಿಂದ ಮುಚ್ಚಿಟ್ಟದ್ದೂ ನಿಜ. ನವೆಂಬರಿನಲ್ಲಿ ಯಜಮಾನರು ಹೊಸ ಕಾರ್ಖಾನೆಗೆ ಜಾಗ ಹುಡುಕುತ್ತಿದ್ದಾಗ, ಪಾಚಿ ಇರುವಲ್ಲೇ ಕಟ್ಟಿ, ಕೊಯ್ಯುವವರ ಕೈಗೇ ಕೆಲಸ ಸಿಗಲಿ ಎಂದು ನಮ್ಮ ಬಯಲನ್ನು ತೋರಿಸಿದೆ. ಕಾಸ್ಟಿಕ್ ಇಲ್ಲದ ಕಾರ್ಖಾನೆ ಎಂದುಕೊಂಡೇ ತೋರಿಸಿದ್ದು. ಅವರು ಎರಡು ನಕ್ಷೆ ಮಾಡಿಸಿದರು. ಒಂದರಲ್ಲಿ ತೊಟ್ಟಿಯಿಲ್ಲ, ಪೈಪಿಲ್ಲ. ಇನ್ನೊಂದರಲ್ಲಿ ಎರಡೂ ಇವೆ. ನನ್ನ ವಿಧಾನ ಗೆದ್ದರೆ ಮೊದಲನೆಯದು, ಸೋತರೆ ಎರಡನೆಯದು. ಜಾಗ ಮಾತ್ರ ಎರಡಕ್ಕೂ ಅದೇ. ಒಮ್ಮೆ ಬಾಯಿಬಿಟ್ಟ ಮೇಲೆ ಅದನ್ನು ಹಿಂದಕ್ಕೆ ಪಡೆಯಲು ಆಗಲಿಲ್ಲ.

ಗೆದ್ದ ಮೇಲೆ ಹೇಳೋಣ, ಸಿಹಿ ಸುದ್ದಿಯಾಗಿ ಹೇಳೋಣ ಎಂದುಕೊಂಡಿದ್ದೆ. ಸೋಲುತ್ತೇನೆ ಎಂಬ ಯೋಚನೆಯೇ ನನಗೆ ಬರಲಿಲ್ಲ. ಅದೇ ನನ್ನ ತಪ್ಪು.

ಗೂಟ ನೆಡುವವರಿಗೆ ಸಭೆ ಮುಗಿಯುವವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಅವರು ತೊಟ್ಟಿ, ಪೈಪು ಇರುವ ದೊಡ್ಡ ನಕ್ಷೆ ಹಿಡಿದು ಬಂದಿದ್ದಾರೆ.

ಪಾಚಿ ಕಳಿಸಿ ಎಂದು ಕೇಳುವ ಮುಖ ನನಗಿಲ್ಲ. ಎಂಟು ಜನರ ಮೇಲೆ ಅನುಮಾನಪಟ್ಟದ್ದಕ್ಕೆ ಕ್ಷಮೆ ಕೇಳುತ್ತೇನೆ, ಇದನ್ನು ಅವರಿಗೆ ಓದಿ ಹೇಳಿ. ಒಂದೇ ಒಂದು ಕೇಳುತ್ತೇನೆ. ಮೂರನೇ ಮೂಟೆಯಲ್ಲಿ ಏನೋ ಇತ್ತು. ಅದೇನೆಂದು ನಿಮಗೆ ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ ಅದನ್ನಾದರೂ ಹೇಳಿ.

ಕಡ್ಡಿ

ಮೇ 15

ಅತ್ತಿಗೆ,

ನಿಮ್ಮಿಂದ ಕಾಗದ ಬಂದಿಲ್ಲ. ಆದರೂ ಇದನ್ನು ನಿಮಗೆ ಹೇಳದೆ ಇರಲಾರೆ.

ಮೂರನೇ ಮೂಟೆಯ ತಳದಲ್ಲಿ ಎರಡು ಹಿಡಿ ಪಾಚಿ ಉಳಿದಿತ್ತು. ಅದು ಬೆಳ್ಳಗಿದ್ದದ್ದನ್ನು ಮೊದಲೇ ಕಂಡಿದ್ದೆ, ಆದರೆ ಕಡಲು ಹಾಗೇ ಕೊಟ್ಟಿದೆ ಎಂದು ನೀವು ಬರೆದದ್ದನ್ನೇ ನಂಬಿ ಬಿಟ್ಟಿದ್ದೆ. ಈ ಸಲ ಅದಕ್ಕೆ ಕಿಣ್ವ ಹಾಕಲೇ ಇಲ್ಲ. ಯಂತ್ರಕ್ಕೂ ಇಡಲಿಲ್ಲ. ಬರಿಯ ನೀರಲ್ಲಿ, ಅನ್ನ ಬೇಯಿಸುವ ಹಾಗೆ ಬೇಯಿಸಿ, ಸೋಸಿ, ಬಿಲ್ಲೆ ಮಾಡಿದೆ. ಏಳುನೂರ ಮೂವತ್ತು.

ಅಂದರೆ ಕಿಣ್ವಕ್ಕೂ ಆ ಗಟ್ಟಿತನಕ್ಕೂ ಸಂಬಂಧವೇ ಇಲ್ಲ. ಎರಡು ವರ್ಷ ನಾನು ಎದೆ ತಟ್ಟಿಕೊಂಡದ್ದು ಸುಳ್ಳು. ಮಾರ್ಚಿನಲ್ಲೇ ಈ ಪರೀಕ್ಷೆ ಮಾಡಬೇಕಿತ್ತು. ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ಕ್ರಮ ಅದು. ಗೆದ್ದ ಅಮಲಿನಲ್ಲಿ ಬಿಟ್ಟೆ.

ಗುಟ್ಟು ನನ್ನ ಪಾತ್ರೆಯಲ್ಲಿ ಇರಲಿಲ್ಲ. ಚೀಲ ಇಲ್ಲಿಗೆ ಬರುವ ಮೊದಲೇ ಕೆಲಸ ಮುಗಿದಿತ್ತು. ಅದನ್ನು ಮಾಡಿದ್ದು ನಿಮ್ಮ ಕೈ.

ಇನ್ನು ಹದಿನೈದು ದಿನ ಇದೆ. ನಾನು ಸೋತೆ ಎಂದು ಹೇಳಲು ಸಿದ್ಧಳಾಗಿದ್ದೇನೆ, ಆ ಜಾಗ ಬೇಡ ಎಂದು ಯಜಮಾನರ ಎದುರು ನಿಂತು ಹೇಳಲೂ ಸಿದ್ಧಳಾಗಿದ್ದೇನೆ.

ಕಡ್ಡಿ

ಮೇ 17

ನನ್ನ ಕಡ್ಡಿಗೆ,

ಇದನ್ನು ನಿಮ್ಮಣ್ಣನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವರ ತಲೆಯ ಮೇಲಿರುವುದು ಎರಡು ಮೂಟೆ. ಮೊದಲು ಅವರಿಗೆ ಊಟ ಹಾಕು, ಆಮೇಲೆ ಓದು. ಬಸ್ಸಿನಲ್ಲಿ ಮೂಟೆ ಮೇಲೆ ಹಾಕಲು ಬಿಡದೆ ಕಾಲಸಂದಿಯಲ್ಲೇ ಇಟ್ಟುಕೊಂಡು ಬರುತ್ತೇನೆ ಎಂದಿದ್ದಾರೆ.

ನಿನ್ನ ನಾಲ್ಕನೇ ತಾರೀಕಿನ ಕಾಗದ ಏಳಕ್ಕೆ ಬಂತು. ಅದಕ್ಕೆ ಉತ್ತರ ಬರೆಯಲು ಕೂತರೆ ಬರೀ ಬೈಗುಳವೇ ಬರುತ್ತಿತ್ತು. ಬರೆಯುವುದಕ್ಕಿಂತ ಒಣಗಿಸುವುದು ಮುಖ್ಯ ಅನ್ನಿಸಿತು. ಎಂಟನೇ ತಾರೀಕು ಬೆಳಿಗ್ಗೆ ಶುರು ಮಾಡಿದೆ.

ಈಗ ಕೇಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಿನ್ನ ಕಾಗದ ಓದಿದಾಗಲೆಲ್ಲ ನನ್ನ ಕೈ ಹೆಗಲಿಗೇ ಹೋಗುತ್ತಿತ್ತು. ಮೂರನೇ ಮೂಟೆಯ ಶೀಟಿನಲ್ಲಿ ನಾನು ಬರೆದದ್ದು ಸುಳ್ಳು.

ಫೆಬ್ರವರಿಯಲ್ಲಿ ತಂಗಿಗೆ ನೋವು ಶುರುವಾಯಿತೆಂದು ಸುದ್ದಿ ಬಂತು. ಕೊಯ್ದ ಪಾಚಿಯನ್ನು ಅಂಗಳದಲ್ಲೇ ರಾಶಿ ಹಾಕಿ, ಟಾರ್ಪಾಲು ಹೊದಿಸಿ ಓಡಿದೆ. ನಾಲ್ಕು ದಿನ ಬಿಟ್ಟು ಬಂದು ನೋಡಿದರೆ ಟಾರ್ಪಾಲು ಹಾರಿಹೋಗಿ, ಅಕಾಲ ಮಳೆ ಬಿದ್ದು, ರಾಶಿ ನೆನೆದು, ವಾಸನೆ ಶುರುವಾಗಿತ್ತು. ಮತ್ತೆ ಕೊಯ್ಯೋಣ ಎಂದರೆ ಮುಂದಿನ ಎಂಟು ದಿನ ಬಂಡೆ ನೀರಿನ ಮೇಲೆ ಕಾಣುವಷ್ಟು ಇಳಿತ ಇರಲಿಲ್ಲ. ಲಾರಿ ತಪ್ಪಿಸಬೇಡ ಅಂತ ನೀನು ಬರೆದಿದ್ದೆ. ಏನು ಮಾಡಲಿ? ಬಾವಿ ನೀರಲ್ಲಿ ತೊಳೆದು ಬಿಸಿಲಿಗೆ ಹರಡಿದೆ. ವಾಸನೆ ಹೋಗಲಿಲ್ಲ. ಮತ್ತೆ ತೋಯಿಸಿದೆ, ಮತ್ತೆ ಹರಡಿದೆ. ಹೀಗೆ ಎಂಟು ದಿನ, ದಿನಕ್ಕೆರಡು ಸಲ. ಕಡೆಗೆ ವಾಸನೆ ಹೋಯಿತು, ಜತೆಗೆ ಬಣ್ಣವೂ ಹೋಯಿತು. ಒಣಹುಲ್ಲಿನ ಹಾಗೆ ಬೆಳ್ಳಗಾಗಿತ್ತು. ಅಷ್ಟು ಓದಿದ ನಾದಿನಿ ನನ್ನ ಮೇಲೆ ಭರವಸೆ ಇಟ್ಟು ಚೀಲ ಕಳಿಸಿದ್ದಾಳೆ, ಹಾಳು ಮಾಡಿದೆ ಅಂತ ಹೇಗೆ ಬರೆಯಲಿ? ನಾಚಿಕೆಯಾಯಿತು. 'ಎರಡು ದಿನ ನೆರಳು' ಎಂದು ಬರೆದುಬಿಟ್ಟೆ.

ನೀನು ಏಳುನೂರ ನಲವತ್ತು ಎಂದಾಗ, ಕೆಟ್ಟ ಪಾಚಿಯನ್ನೂ ನಿನ್ನ ಮದ್ದು ಗೆಲ್ಲಿಸಿತು ಅಂತಲೇ ತಿಳಿದೆ. ಪಾಚಿಯೇ ಗೆದ್ದಿತು ಎಂದು ಆಗ ನನಗೂ ಹೊಳೆಯಲಿಲ್ಲ; ಮೂರನೆಯದರಲ್ಲಿ ಏನೋ ಇತ್ತು ಅಂತ ನೀನು ಬರೆದ ಮೇಲೆ ಹೊಳೆಯಿತು, ಹದಿನೈದರ ಕಾಗದ ಇವತ್ತು ಬೆಳಿಗ್ಗೆ ಬಂದು ಖಾತ್ರಿಯಾಯಿತು. ನೀನು ಕಡಲ ದಂಡೆ ಮುಚ್ಚಿಟ್ಟೆ, ನಾನು ಬಿಸಿಲು ಮುಚ್ಚಿಟ್ಟೆ. ನಾವಿಬ್ಬರೂ ಒಂದೇ ಮನೆಯವರು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಈ ಎರಡು ಮೂಟೆಯನ್ನು ಹಾಗೇ ಮಾಡಿದ್ದೇನೆ, ಈ ಸಲ ಬೇಕೆಂದೇ. ಮನೆಯಲ್ಲಿ ಉಳಿದಿದ್ದ ಒಳ್ಳೆಯ ಪಾಚಿ. ಎಂಟು ಜನವೂ ಬಾವಿಯಿಂದ ನೀರು ಸೇದಿದ್ದಾರೆ. ಒಂದನ್ನು ಒಂಬತ್ತು ದಿನ ಬಿಸಿಲಿಗೆ ಹಾಕಿದೆ, ಇನ್ನೊಂದನ್ನು ಐದು ದಿನಕ್ಕೇ ತೆಗೆದೆ. ಎಷ್ಟು ಬಿಸಿಲು ಸಾಕು ಅಂತ ನಿನಗೆ ತಿಳಿಯಬೇಕಲ್ಲ. ಶೀಟಿನಲ್ಲಿ ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ, ಹಿಂದುಗಡೆಯೂ ಬರೆದಿದ್ದೇನೆ.

ಸಿಟ್ಟು ಪೂರ್ತಿ ಹೋಗಿಲ್ಲ. ಅದನ್ನು ನೀನು ಬಂದಾಗ ಎದುರಿಗೇ ತೀರಿಸಿಕೊಳ್ಳುತ್ತೇನೆ. ಆದರೆ ಆ ಜಾಗ ಬೇಡ ಅಂತ ಹೇಳಬೇಡ. ಜಾಗ ಒಳ್ಳೆಯದೇ. ಪೈಪು ಬೇಡ, ತೊಟ್ಟಿ ಬೇಡ. ಕೊಯ್ಯುವ ದಿನ, ಕೊಯ್ಯದೆ ಬಿಡುವ ದಿನ ನಾವು ಹೇಳಿದ್ದು ನಡೆಯಬೇಕು. ಇದನ್ನು ನಿನ್ನ ಯಜಮಾನರಿಗೆ ಹೇಳು. ನಿನಗೆ ಹೇಳಲು ಬಾರದಿದ್ದರೆ ನಿಮ್ಮಣ್ಣ ಹೇಳುತ್ತಾರೆ. ಅವರಿಗೂ ಬಾರದಿದ್ದರೆ ಗಂಟಲಕ್ಕನನ್ನು ಕಳಿಸುತ್ತೇನೆ.

ನಿನ್ನ ಅತ್ತಿಗೆ

ಮೇ 31

ಪ್ರೀತಿಯ ಅತ್ತಿಗೆಗೆ,

ಅಣ್ಣ ನಿನ್ನೆಯೇ ಹೊರಡುತ್ತೇನೆ ಎಂದ. ಈ ಕಾಗದ ಬರೆದು ಮುಗಿಸುವವರೆಗೆ ತಡೆದಿದ್ದೇನೆ.

ಮೊದಲು ಅಂಕಿ. ಐದು ದಿನದ ಮೂಟೆ ಐನೂರ ಅರವತ್ತು. ಒಂಬತ್ತು ದಿನದ್ದು ಎಂಟುನೂರ ಹತ್ತು. ಎರಡನ್ನೂ ಬರಿಯ ನೀರಲ್ಲಿ ಬೇಯಿಸಿದ್ದು. ಬಿಸಿಲು ಮತ್ತು ನೀರು ಸೇರಿ ಬಣ್ಣವನ್ನಷ್ಟೇ ತೆಗೆಯುತ್ತಿಲ್ಲ. ಲೋಳೆ ಹೆಪ್ಪುಗಟ್ಟಲು ಅಡ್ಡ ಬರುವ ಗಂಧಕದ ತುಣುಕುಗಳು ಪಾಚಿಯಲ್ಲಿವೆ. ಕಾಸ್ಟಿಕ್ ಅವನ್ನೇ ಕಿತ್ತುಹಾಕುವುದು. ಬಿಸಿಲೂ ಅದನ್ನೇ ನಿಧಾನವಾಗಿ ಮಾಡುತ್ತಿದೆ ಎಂದು ನನ್ನ ಊಹೆ. ಈ ಸಲ ಊಹೆಯನ್ನು ಊಹೆ ಎಂದೇ ಬರೆದಿದ್ದೇನೆ. ಸಾಬೀತು ಮಾಡಲು ಒಂದು ವರ್ಷ ಬೇಕು.

ಎರಡು ವಾರ ಅಣ್ಣ ದಿನವೂ ಪ್ರಯೋಗಾಲಯಕ್ಕೆ ಬಂದು ಪಾತ್ರೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತ. "ನೀನು ತಿಂಡಿ ತಿಂದು ಬಾ, ನಾನು ನೋಡ್ಕೋತೀನಿ" ಎನ್ನುತ್ತಿದ್ದ. ಸಿಂಬಳ ಎಂದವರಿಗೆ ಈಗ ಅವನೇ ಗೆಳೆಯ.

ಸಭೆಯಲ್ಲಿ ನಾನು ಮೊದಲು ಹೇಳಿದ್ದು ಸೋಲಿನ ಕಥೆ. ಕಿಣ್ವ ಕೆಲಸ ಮಾಡಿಲ್ಲ, ಮಾರ್ಚಿನಲ್ಲಿ ತಪ್ಪು ತಿಳಿಸಿದೆ ಎಂದೆ. ಯಜಮಾನರ ಹುಬ್ಬು ಮೇಲೇರಿತು. ಆಮೇಲೆ ನಿಮ್ಮ ಪಾಚಿ ತೋರಿಸಿದೆ, ಅವರೆದುರೇ ಬಿಲ್ಲೆಯ ಮೇಲೆ ತೂಕ ಏರಿಸಿದೆ. ಎಂಟುನೂರು ದಾಟಿದಾಗ ಕನ್ನಡಕ ತೆಗೆದು ಒರೆಸಿಕೊಂಡರು.

"ಬಿಸಿಲನ್ನ ನಂಬಿ ಕಾರ್ಖಾನೆ ಕಟ್ಟೋದಾ ಮೇಡಂ? ಮೋಡ ಮುಚ್ಚಿದ್ರೆ?"

"ಬಿಸಿಲಿರೋ ತಿಂಗಳಲ್ಲಿ ಬೆಳ್ಳಗೆ ಮಾಡಿ ಇಟ್ಕೊಳ್ಳೋದು ಸರ್. ಒಣಗಿದ್ದು ಕೆಡಲ್ಲ. ಬೇಯಿಸೋದು ವರ್ಷ ಪೂರ್ತಿ."

"ಕಾಸ್ಟಿಕ್ ಆದ್ರೆ ಮೂರು ಗಂಟೆ ಕೆಲಸ. ನಿಮ್ದು ಒಂಬತ್ತು ದಿನ."

ಬಾಗಿಲ ಹತ್ತಿರ ನಿಂತಿದ್ದ ಅಣ್ಣ ಗಂಟಲು ಸರಿಮಾಡಿಕೊಂಡ. ಅವನನ್ನು ಯಾರೂ ಮಾತಾಡಿ ಎಂದು ಕರೆದಿರಲಿಲ್ಲ.

"ಮೂರು ಗಂಟೆ ಕೆಲಸ ಸರಿ ಸ್ವಾಮಿ. ಆ ನೀರು ಕಡಲಿಗೆ ಬಿಟ್ರೆ ಮುಂದಿನ ವರ್ಷ ಬಂಡೆ ಮೇಲೆ ಏನು ಕೊಯ್ತೀರಿ? ಪಾಚಿನೇ ಇಲ್ಲದ ಮೇಲೆ ಕಾರ್ಖಾನೆ ಎಷ್ಟು ಬೇಗ ಬೇಯಿಸಿದ್ರೆ ಏನು ಬಂತು?"

ಯಜಮಾನರು ಅವನನ್ನು ಕರೆದು ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಎಷ್ಟು ಜನ ಕೊಯ್ಯುತ್ತೀರಿ, ಬಾವಿಯಲ್ಲಿ ನೀರು ಎಷ್ಟಿದೆ, ಎಂದು ಒಂದು ಗಂಟೆ ಕೇಳಿದರು. ನೀವು ಹೇಳಿದ ಮಾತುಗಳನ್ನು ನಾನು ಒಂದೊಂದಾಗಿ ಓದಿದೆ. ಕೊಯ್ಯುವ ದಿನ ನಿಮ್ಮದು ಎನ್ನುವುದಕ್ಕೆ ಸ್ವಲ್ಪ ಹೊತ್ತು ಜಗ್ಗಾಡಿದರು, ಕೊನೆಗೆ ಒಪ್ಪಿದರು.

ಎಲ್ಲವನ್ನೂ ಗೆದ್ದೆವು ಎಂದು ಬರೆಯಲಾರೆ. ಒಂದು ವರ್ಷದ ಪರೀಕ್ಷೆ ಎಂದಿದ್ದಾರೆ. ಕಾಸ್ಟಿಕ್ಕಿನ ನಕ್ಷೆಯನ್ನು ಹರಿಯಲಿಲ್ಲ, ಮಡಚಿ ಬೀರುವಿನಲ್ಲಿ ಇಟ್ಟರು. ಆದರೆ ಪೈಪಿನ ಗೂಟಗಳನ್ನು ಈ ವಾರವೇ ಕೀಳಿಸುತ್ತಾರೆ.

ವರದಿಯಲ್ಲಿ 'ವಿಧಾನ ಕಂಡುಹಿಡಿದವರು' ಎಂಬಲ್ಲಿ ನಿಮ್ಮ ಹೆಸರು ಹಾಕಿದ್ದೇನೆ. ಬೇಡ ಎನ್ನಬೇಡಿ. ಶೀಟಿನಲ್ಲಿ ಇದ್ದದ್ದು ಇದ್ದ ಹಾಗೆ ಬರೆಯುವುದು ಇಬ್ಬರಿಗೂ ಒಂದೇ ನಿಯಮ.

ನಿಮ್ಮ,
ಕಡ್ಡಿ

ನವೆಂಬರ್ 12

ನನ್ನ ಕಡ್ಡಿಗೆ,

ಬಯಲಿನ ಹೊಸ ಕಾರ್ಖಾನೆಯಲ್ಲಿ ನೀನು ಪಾತ್ರೆ ಕೂರಿಸಿ ಹೋದ ನಾಲ್ಕನೇ ದಿನ ಮೊದಲ ಬೇಯಿಸುವಿಕೆ ಮುಗಿಯಿತು. ಕಾರ್ಖಾನೆಯ ಫೋನಿನಲ್ಲಿ ಅಂಕಿ ಹೇಳಿದೆನಲ್ಲ, ಅದನ್ನು ಮತ್ತೆ ಬರೆಯುವುದಿಲ್ಲ. ಫೋನಿನಲ್ಲಿ ಹೇಳಲಾಗದ್ದನ್ನು ಬರೆಯುತ್ತೇನೆ.

ಒಣಗಿಸುವ ಕಣದಲ್ಲಿ ಈಗ ನಲವತ್ತು ಬಿದಿರ ತಟ್ಟಿ ಇವೆ. ನಾವು ಎಂಟು ಜನ ಇದ್ದೆವು, ಈಗ ಇಪ್ಪತ್ತಮೂರು. ಹೋದ ವಾರ ಮೂರು ದಿನ ಮೋಡ ಮುಚ್ಚಿ, ನಿನ್ನ ಯಜಮಾನರು ದಿನಕ್ಕೆ ನಾಲ್ಕು ಸಲ ಫೋನು ಮಾಡಿದರು. "ಒಂಬತ್ತು ದಿನದ ಕೆಲಸ ಹನ್ನೆರಡು ದಿನ ಆಗುತ್ತೆ ಸಾರ್, ಮೋಡಕ್ಕೆ ನಾನು ಬೈಯೋದಾ?" ಅಂದೆ. ನಾಲ್ಕನೇ ದಿನ ಬಿಸಿಲು ಬಂತು. ಪಾಚಿ ಎಷ್ಟು ಬೆಳ್ಳಗಾದರೆ ಸಾಕು ಎಂದು ಹೊಸಬರು ಕೇಳುತ್ತಾರೆ. ಬಾಯಲ್ಲಿ ಹೇಳಲು ಬರುವುದಿಲ್ಲ, ಕೈಗೆ ಕೊಟ್ಟು ತೋರಿಸುತ್ತೇನೆ.

ಬೇಯಿಸಿ ಸೋಸಿದ ಮೇಲೆ ಉಳಿದ ಚರಟವನ್ನು ಹಿತ್ತಲಿನ ಬದನೆ ಗಿಡಗಳಿಗೆ ಒಯ್ದರು. ನೀರು ಉಳಿಯಿತು. ಅದನ್ನು ಹೊರಗಿನ ಹೊಂಡಕ್ಕೆ ಬಿಡಬೇಕು, ಅಲ್ಲಿಂದ ಗದ್ದೆಗೆ. ನೀನು ಹೇಳಿ ಹೋಗಿದ್ದೆ, ಏನೂ ಆಗುವುದಿಲ್ಲ, ಅಳೆದು ನೋಡಿದ್ದೇನೆ ಅಂತ. ನಾನು ಎಲ್ಲರಿಗೂ ಹೇಳಿದ್ದೆ. ಆದರೆ ತೂಬು ತೆಗೆಯುವ ಹೊತ್ತಿಗೆ ಇಪ್ಪತ್ತಮೂರು ಜನವೂ ಕೆಲಸ ಬಿಟ್ಟು ಹೊಂಡದ ಸುತ್ತ ಬಂದು ನಿಂತರು. ನೀರು ತಿಳಿ ಹಳದಿಯಾಗಿ ಹರಿದು ಬಂದು, ಸ್ವಲ್ಪ ಹಬೆಯಾಡಿತು. ಎಲ್ಲರೂ ನನ್ನ ಮುಖ ನೋಡಿದರು.

ನಿಜ ಹೇಳುತ್ತೇನೆ, ನಿನ್ನ ಲೆಕ್ಕ ನನಗೆ ಅರ್ಥವಾಗುವುದಿಲ್ಲ. ಆದರೆ ತಪ್ಪಿದ್ದನ್ನು ತಪ್ಪಿದೆ ಎಂದು ಸಭೆಯಲ್ಲಿ ನಿಂತು ಹೇಳಿದವಳು ನೀನು. ಅಂಥವಳ ಲೆಕ್ಕವನ್ನು ನಂಬಬಹುದು.

ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ಹೊಂಡಕ್ಕೆ ಇಳಿದೆ. ಮೊಣಕಾಲವರೆಗೆ ಬಂತು. ಬೆಚ್ಚಗಿತ್ತು. ಅಷ್ಟೇ.

ಹಾಗೇ ನಿಂತೆ. ಗಂಟಲಕ್ಕ ಮೇಲಿಂದ, "ಸುಡುತ್ತೇನೇ?" ಅಂದಳು, ಜೀವಮಾನದಲ್ಲೇ ಮೊದಲ ಸಲ ಮೆಲ್ಲಗೆ. "ನೀನೇ ಇಳಿದು ನೋಡು" ಅಂದೆ. ಅವಳು ಇಳಿದಳು. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಸಾಲಾಗಿ ಎಲ್ಲರೂ. ಬೆಳಗಿನಿಂದ ತಣ್ಣನೆಯ ಉಪ್ಪುನೀರಲ್ಲಿ ನಿಂತು ಸೀಳುಬಿಟ್ಟ ಕಾಲುಗಳು. ಬೆಚ್ಚನೆಯ ನೀರು ತಾಗಿದರೆ ಹೇಗಿರುತ್ತದೆ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬೊಬ್ಬರೇ ಕಣ್ಣು ಮುಚ್ಚಿದರು.

ಎಷ್ಟೋ ಹೊತ್ತಾದ ಮೇಲೆ ನಿಮ್ಮಣ್ಣ ಬಂದು, "ಏನಿದು, ಎಲ್ಲರೂ ಕೆಲಸ ಬಿಟ್ಟು ಇಲ್ಲಿ?" ಎಂದು ಕೇಳಿದರು. ಗಂಟಲಕ್ಕ ಕಣ್ಣು ಬಿಡದೆಯೇ ಹೇಳಿದಳು:

"ಇದೂ ಕೆಲಸನೇ. ನಾವು ನೀರು ಪರೀಕ್ಷೆ ಮಾಡ್ತಾ ಇದೀವಿ."

ನಿನ್ನ ಅತ್ತಿಗೆ